ಪಿಳ್ಳಪ್ಪನವರ ಬಾಗಿನ

ಹೋದ ವಾರ ಸೊಸೆಯ ಜೊತೆ ವಿಜಯನಗರದ ಮಾರ್ಕೆಟ್ಟಿಗೆ ಹೋಗಿದ್ದೆ. ಗೌರಿ ಹಬ್ಬ ಹತ್ತಿರ ಬಂದಿತ್ತು. ಬೆಳಗ್ಗೆ ಬಿದ್ದ ಸೋನೆಗೆ ರಸ್ತೆ ಇನ್ನೂ ಒದ್ದೆಯಾಗಿತ್ತು. ಫುಟ್‌ಪಾತಿನ ಮೇಲೆ ಒಬ್ಬಾಕೆ ಹೊಸ ಬಿದಿರಿನ ಮೊರಗಳನ್ನು ಪೇರಿಸಿಕೊಂಡು ಕೂತು ಒಂದೊಂದಕ್ಕೂ ಅರಿಶಿನದ ನೀರು ಬಳಿಯುತ್ತಿದ್ದಳು. ಹಸಿ ಬಿದಿರು, ಅರಿಶಿನ, ಒದ್ದೆ ನೆಲ, ಮೂರೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ಅಲ್ಲೇ ನಿಂತುಹೋಯಿತು. ತಲೆ ಸುತ್ತುತ್ತಾ ಅತ್ತೆ ಎಂದು ಸೊಸೆ ತೋಳು ಹಿಡಿದಳು. ಇಲ್ಲ ಕಣೇ, ಹಳೆಯದೇನೋ ನೆನಪಾಯಿತು ಎಂದೆ. ಏನು ಎಂದು ಅವಳು ಕೇಳಲಿಲ್ಲ, ಮೊರಕ್ಕೆ ಚೌಕಾಸಿ ಮಾಡುವುದರಲ್ಲಿದ್ದಳು. ಕೇಳಿದ್ದರೂ ಆ ಜನಜಂಗುಳಿಯಲ್ಲಿ ನಿಂತು ಹೇಳುವಂಥ ಕಥೆಯಾಗಿರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮದುವೆಯಾಗಿ ರಾಜಾಜಿನಗರಕ್ಕೆ ಬಂದ ಎರಡನೆಯ ವರ್ಷ ಅದು. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಈಗ ರಾಜಾಜಿನಗರವೆಂದರೆ ಕಾರು ನಿಲ್ಲಿಸುವ ಜಾಗಕ್ಕೆ ಜಗಳವಾಡುವ ಊರು. ಆಗ ಅದು ಊರಿಗೂ ಸೇರದ, ಕಾಡಿಗೂ ಸೇರದ ಬಯಲು. ರಾಗಿ ಹೊಲಗಳ ನಡುವೆ ಹಗ್ಗ ಹಿಡಿದು ಗೆರೆ ಎಳೆದು ರಸ್ತೆ ಎಂದು ಹೆಸರಿಟ್ಟಿದ್ದರು. ಗೆರೆಯ ಎರಡೂ ಕಡೆ ಒಂದೇ ಅಚ್ಚಿನ ಹೆಂಚಿನ ಮನೆಗಳು. ಆಷಾಢದ ಗಾಳಿಗೆ ಒಣಗಲು ಹಾಕಿದ ಪಂಚೆ ಹಾರಿಹೋದರೆ ಕುರುಬರಹಳ್ಳಿಯ ಹೊಲದಲ್ಲಿ ಹುಡುಕಬೇಕಿತ್ತು. ಚಾಮರಾಜಪೇಟೆಯ ನನ್ನ ತವರಿನವರು ನೋಡಲು ಬಂದಾಗಲೆಲ್ಲ ಕೆಮ್ಮಣ್ಣು ಮೆತ್ತಿದ ಚಪ್ಪಲಿ ಕೊಡವುತ್ತ, ಕಾಡಿಗೆ ಕೊಟ್ಟುಬಿಟ್ಟೆವಲ್ಲೇ ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು.

ಕಾಡನ್ನಾದರೂ ಸಹಿಸಬಹುದಿತ್ತು, ನೀರಿಲ್ಲದ್ದನ್ನು ಸಹಿಸಲು ಆಗುತ್ತಿರಲಿಲ್ಲ. ಮನೆ ಕಟ್ಟಿಕೊಟ್ಟವರು ಬೀದಿಗೊಂದು ನಲ್ಲಿಯನ್ನೂ ನೆಟ್ಟಿದ್ದರು. ಅದರೊಳಗೆ ನೀರು ಹರಿಸುವುದನ್ನು ಮಾತ್ರ ಮುಂದಿನವರಿಗೆ ಬಿಟ್ಟಿದ್ದರು. ಆಗ ನಮ್ಮ ಕೈ ಹಿಡಿದವರು ಕುರುಬರಹಳ್ಳಿಯ ಪಿಳ್ಳಪ್ಪನವರು. ಲೇಔಟಿಗೆ ಅವರ ಜಮೀನಿನಲ್ಲಿ ಹೆಚ್ಚಿನ ಪಾಲು ಹೋಗಿತ್ತು. ಉಳಿದದ್ದು ಒಂದು ಸೊಪ್ಪಿನ ತೋಟ ಮತ್ತು ಎತ್ತು ಕಟ್ಟಿ ನೀರೆತ್ತುವ ಕಪಿಲೆಯ ಬಾವಿ. ಜಮೀನು ಹೋದ ಸಿಟ್ಟಿಗೆ ಬೇರೆ ಯಾರಾದರೂ ಆಗಿದ್ದರೆ ನಮ್ಮನ್ನು ಬೇಲಿಯಾಚೆಯೇ ನಿಲ್ಲಿಸುತ್ತಿದ್ದರು. ಪಿಳ್ಳಪ್ಪನವರು ಬೇಲಿಯನ್ನೇ ಒಂದು ಕಡೆ ಕಿತ್ತು ದಾರಿ ಮಾಡಿಕೊಟ್ಟರು. ಬೆಳಗ್ಗೆ ನಾವು ಹೆಂಗಸರು ಬಿಂದಿಗೆ ಹೊತ್ತು ಹೋದರೆ ಅವರು ಎತ್ತುಗಳನ್ನು ನಿಲ್ಲಿಸಿ, ಮೊದಲು ನೀವು ತುಂಬಿಕೊಳ್ರಮ್ಮ, ಸೊಪ್ಪು ಎಲ್ಗೋಗುತ್ತೆ ಎನ್ನುತ್ತಿದ್ದರು. ನಲವತ್ತರ ಆಸುಪಾಸಿನ, ಎತ್ತರದ, ಸ್ವಲ್ಪ ನಾಚಿಕೆಯ ಮನುಷ್ಯ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿ ವಯಸ್ಸಾದ ತಾಯಿ ಕೆಂಪಜ್ಜಿ ಬಿಟ್ಟರೆ ಇನ್ನು ಯಾರೂ ಇರಲಿಲ್ಲ.

ಇನ್ನೊಬ್ಬಳು ಜಯಮ್ಮ. ನಮ್ಮ ಬೀದಿಯ ಕೊನೆಯ ಒಂದೇ ಕೋಣೆಯ ಮನೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಲೇಔಟಿನ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದಳು. ಮಾಗಡಿ ಕಡೆಯವಳು, ಪಿಳ್ಳಪ್ಪನವರದೇ ಜನ. ಗಂಡ ಲಾರಿ ಕ್ಲೀನರ್ ಆಗಿದ್ದವನು ಇನ್ನೊಬ್ಬಳ ಹಿಂದೆ ಸೇಲಂ ಕಡೆಗೆ ಹೋದವನು ತಿರುಗಿ ಬರಲಿಲ್ಲ. ಮೂವತ್ತು ದಾಟಿದ್ದರೂ ನಕ್ಕರೆ ಹುಡುಗಿಯ ಹಾಗೆ ಕಾಣುತ್ತಿದ್ದಳು. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ನಾನು ಅವಳ ಹತ್ತಿರ ಹೊಲಿಗೆ ಕಲಿಯಲು ಹೋಗುತ್ತಿದ್ದೆ. ಕಲಿತದ್ದು ಅಷ್ಟಕ್ಕಷ್ಟೆ. ಆದರೆ ಮನಸ್ಸು ಬಿಚ್ಚಿ ಮಾತಾಡಲು ಆ ಬಯಲಿನಲ್ಲಿ ನನಗೆ ಸಿಕ್ಕ ಜೀವ ಅವಳೊಬ್ಬಳೇ.

ಪಿಳ್ಳಪ್ಪನವರ ಸೈಕಲ್ಲು ಸಂಜೆ ಹೊತ್ತು ಅವಳ ಬಾಗಿಲಲ್ಲಿ ನಿಲ್ಲುವುದು ನನಗೆ ಗೊತ್ತಿತ್ತು. ಅವಳೇ ಹೇಳಿದ್ದಳು, ಒಂದಿಷ್ಟೂ ಮುಚ್ಚುಮರೆ ಇಲ್ಲದೆ. ಅವರ ಜನದಲ್ಲಿ ಗಂಡ ಸತ್ತವಳಿಗೆ, ಬಿಟ್ಟುಹೋದವಳಿಗೆ ಮತ್ತೆ ಮದುವೆ ಉಂಟು. ಸೀರುಡಿಕೆ ಎನ್ನುತ್ತಾರೆ. ಗಂಡಸು ಹೊಸ ಸೀರೆ ತಂದು ಉಡಿಸಿದರೆ ಅವಳು ಅವನ ಹೆಂಡತಿ. ಕುಲದ ಯಜಮಾನರು ಕೂತು ಜಯಮ್ಮನ ಹಳೆಯ ಸಂಬಂಧ ಕಳೆಯಿತು ಎಂದು ತೀರ್ಮಾನವನ್ನೂ ಕೊಟ್ಟಿದ್ದರು. ಕೆಂಪಜ್ಜಿ ಆಗಲೇ ಅವಳನ್ನು ಸೊಸೆ ಎಂದೇ ಕರೆಯುತ್ತಿದ್ದಳು. ಸೀರೆ ಉಡಿಸುವುದೊಂದು ಬಾಕಿ ಇತ್ತು. ಆದರೆ ಸೀರುಡಿಕೆಗೆ ಚಪ್ಪರವಿಲ್ಲ, ವಾಲಗವಿಲ್ಲ. ಹೊತ್ತು ಮುಳುಗಿದ ಮೇಲೆ ನಾಲ್ಕು ಜನರ ಎದುರು ಸದ್ದಿಲ್ಲದೆ ಮುಗಿಸಿಬಿಡುತ್ತಾರೆ. ಪಿಳ್ಳಪ್ಪನವರಿಗೆ ಅದು ಒಪ್ಪಿಗೆಯಾಗಿರಲಿಲ್ಲ. ಕದ್ದು ತಂದ ಹಾಗೆ ನಿನ್ನನ್ನು ತರುವುದಿಲ್ಲ, ಹಾಡುಹಗಲು ವಾಲಗ ಊದಿಸಿಕೊಂಡೇ ಬರುತ್ತೇನೆ ಎಂದು ಮಾತು ಕೊಟ್ಟಿದ್ದರಂತೆ. ಅದನ್ನು ಹೇಳುವಾಗ ಜಯಮ್ಮ ಮೆಷಿನ್ ನಿಲ್ಲಿಸಿ, "ಹಗಲೊತ್ತು, ವಾಲಗ... ನಂಗ್ಯಾವತ್ತಾದ್ರೂ ಯಾರಾದ್ರೂ ಊದ್ಸಿದ್ರಾ ಕಣಮ್ಮ" ಎಂದು ನಕ್ಕದ್ದು ಈಗಲೂ ಕಿವಿಯಲ್ಲಿದೆ.

ಅಷ್ಟರಲ್ಲಿ ಕಾರ್ಪೊರೇಷನ್ ಚುನಾವಣೆ ಬಂತು. ನಿಲ್ಲು ಎಂದು ಪಿಳ್ಳಪ್ಪನವರನ್ನು ಹಿಡಿದು ಎಬ್ಬಿಸಿದವರು ನಮ್ಮ ಮಾವನವರು. ನಿವೃತ್ತ ಹೆಡ್‌ಮಾಸ್ಟರು, ಲೇಔಟಿಗೆಲ್ಲ ಮೇಷ್ಟ್ರು. ಮನಸ್ಸು ಹಾಲಿನಂಥದ್ದು, ಆದರೆ ಲೋಕವೆಲ್ಲ ತಮ್ಮ ತರಗತಿಯೆಂದೇ ತಿಳಿದಿದ್ದರು. ನಲ್ಲಿಗೆ ನೀರು ಬರಬೇಕಾದರೆ ನೀರು ಕೊಟ್ಟವನೇ ಗೆಲ್ಲಬೇಕು ಎಂಬುದು ಅವರ ವಾದ. ಪಕ್ಷೇತರರಾಗಿ ನಿಂತ ಪಿಳ್ಳಪ್ಪನವರಿಗೆ ಗುರುತೂ ಬಿಂದಿಗೆಯೇ ಸಿಕ್ಕಿತು. ಎದುರಾಳಿ ಮಾಗಡಿ ರಸ್ತೆಯ ಬಸ್ಸಿನ ಮಾಲೀಕ. ಆತನ ಹತ್ತಿರ ಧ್ವನಿವರ್ಧಕವಿತ್ತು, ಜನರನ್ನು ಕೂರಿಸಿಕೊಂಡು ತಿರುಗಿಸಲು ಬಸ್ಸುಗಳಿದ್ದವು. ನಮ್ಮ ಹತ್ತಿರ ಬಾವಿ ಇತ್ತು. ಲೇಔಟು, ಹಳ್ಳಿ ಎರಡೂ ಒಂದಾಗಿ ನಿಂತಿದ್ದರಿಂದ ಗೆದ್ದೇ ಬಿಟ್ಟೆವು ಎಂದುಕೊಂಡಿದ್ದೆವು. ಪಿಳ್ಳಪ್ಪನವರು ಜಯಮ್ಮನಿಗೆ, ಗೆದ್ದ ಮಾರನೆಯ ದಿನವೇ ವಾಲಗ ಎಂದಿದ್ದರಂತೆ. ಕೌನ್ಸಿಲರ್ ಆಗಿ ಸೀರೆ ತಂದರೆ ಯಾರೂ ಮೂಗು ಮುರಿಯುವುದಿಲ್ಲ ಎಂದು ಅವರ ಲೆಕ್ಕ. ಕಾಯುವುದು ಜಯಮ್ಮನಿಗೆ ಹೊಸದಾಗಿರಲಿಲ್ಲ, ಅವಳು ಆಯಿತು ಎಂದಳು.

ಶ್ರಾವಣ ಮುಗಿಯುತ್ತ ಬಂದ ಒಂದು ಬೆಳಗ್ಗೆ ಬಾವಿಗೆ ಹೋಗುವ ದಾರಿಯ ಗೋಡೆಯ ಮೇಲೆ ಕೆಮ್ಮಣ್ಣಿನ ದಪ್ಪ ಅಕ್ಷರಗಳಿದ್ದವು. ‘ಹಗಲು ಬಿಂದಿಗೆ, ಬೈಗು ರವಿಕೆ.’ ಕೆಳಗೆ ಒಂದು ಸೈಕಲ್ಲಿನ ಚಿತ್ರ. ಯಾರದೆಂದು ಬರೆಯುವ ಅಗತ್ಯವೇ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದೇ ಮಾತು ಬಸ್ಸಿನ ಧ್ವನಿವರ್ಧಕದಿಂದ ರಾಗವಾಗಿ ಹೊರಟಿತು. ಪಿಳ್ಳಪ್ಪ ಬೆಳಗಿನ ಜಾವ ಹೊಲಿಗೆಯವಳ ಮನೆಯಿಂದ ತಲೆಗೆ ಟವೆಲ್ಲು ಸುತ್ತಿಕೊಂಡು ಹೊರಬರುವುದನ್ನು ನೋಡಿದವರು ಇದ್ದಾರೆ, ಇಂಥವನ ಬಾವಿಗೆ ನಿಮ್ಮ ಮನೆಯ ಹೆಣ್ಣುಮಕ್ಕಳನ್ನು ಕಳಿಸುತ್ತೀರಾ ಎಂದು ಕೂಗಿದರು.

ಮಾರನೆಯ ದಿನದಿಂದ ನೋಡಿ ಲೇಔಟಿನ ಬಣ್ಣ. ಅದೇ ಬಾವಿಯ ನೀರು ಕುಡಿದು ತಣ್ಣಗಿದ್ದ ಗಂಡಸರು ಹೆಂಡತಿಯರಿಗೆ ಆ ಕಡೆ ಕಾಲಿಡಕೂಡದು ಎಂದರು. ನಾವು ಬಿಂದಿಗೆ ಹೊತ್ತು ದೂರದ ಕಲ್ಯಾಣಿಗೆ ಹೋಗಿ ಪಾಚಿ ಸರಿಸಿ ತುಂಬಿಕೊಂಡು ಬಂದೆವು. ಪಿಳ್ಳಪ್ಪನವರು ಓಟು ಕೇಳಲು ಬಂದರೆ ಬಾಗಿಲು ಮುಚ್ಚುತ್ತಿದ್ದವು. ನಮ್ಮ ಎದುರು ಮನೆಯಾಕೆ ಕಿಟಕಿಯಿಂದಲೇ, ಮನೆಯಲ್ಲಿ ಯಾರೂ ಇಲ್ಲ ಎಂದು ಕೂಗಿ ಹೇಳಿದಳು. ಅವರು ಸರಿಯಮ್ಮ, ಇದ್ದಾಗ ಬತ್ತೀನಿ ಎಂದು ಅಷ್ಟೇ ವಿನಯದಿಂದ ಕೈಮುಗಿದು ಹೋದರು. ಜಯಮ್ಮನ ಮನೆಗೆ ಹೊಲಿಯಲು ಕೊಟ್ಟ ರವಿಕೆಗಳನ್ನು ಅರ್ಧಕ್ಕೇ ವಾಪಸ್ಸು ತಂದವರುಂಟು. ಒಂದು ತೋಳು ಹಚ್ಚಿ ಇನ್ನೊಂದು ಹಚ್ಚದ ರವಿಕೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೋಗುತ್ತಿದ್ದರು. ನನಗೆ ಅತ್ತೆ ಏನೂ ಹೇಳಲಿಲ್ಲ, ಹೋಗಬೇಡ ಎಂದೂ ಅನ್ನಲಿಲ್ಲ. ಮಧ್ಯಾಹ್ನ ಮಲಗುವುದನ್ನು ಮಾತ್ರ ಬಿಟ್ಟರು.

ಕುರುಬರಹಳ್ಳಿಯಲ್ಲಿ ಆ ಗೋಡೆ ಬರಹಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ ಎಂಬುದು ನಮಗೆ ಆಮೇಲೆ ತಿಳಿದದ್ದು. ಅವರ ಪಾಲಿಗೆ ಅವಳು ಪಿಳ್ಳಪ್ಪನ ಹೆಂಡತಿಯಾಗುವವಳು. ಸೀರೆ ಒಂದೆರಡು ತಿಂಗಳು ತಡವಾದರೆ ಆಕಾಶವೇನೂ ಬೀಳುವುದಿಲ್ಲ. ಬಸ್ಸಿನವರು ಅಲ್ಲಿ ಹಾಡಲು ಹೋದಾಗ ಒಬ್ಬಳು ಮುದುಕಿ, ನಿಮ್ಮಮ್ಮನ್ನೂ ಹಿಂಗೇ ತಂದಿದ್ದು, ಹೋಗಿ ಕೇಳ್ರೋ ಎಂದು ಪೊರಕೆ ಎತ್ತಿದಳಂತೆ. ಲೇಔಟಿನ ನಮಗೆ ಯಾವುದು ಮಾನದ ಪ್ರಶ್ನೆಯೋ ಹಳ್ಳಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ. ಈ ಒಂದು ವಿಷಯ ಮಾವನವರಿಗೆ ಹೊಳೆದಿದ್ದರೆ!

ಹಬ್ಬದ ಹಿಂದಿನ ವಾರ ನಮ್ಮ ಮನೆಯ ಜಗಲಿಯ ಮೇಲೆ ಸಭೆ ಸೇರಿತು. ಕಮಿಟಿ ಎಂದು ಹೆಸರಿದ್ದ ಗುಂಪಿನಲ್ಲಿ ನಾಲ್ಕೈದು ಜನ ಉಳಿದಿದ್ದರು. ನಾನು ಒಳಗೆ ಕಾಫಿ ಸೋಸುತ್ತಿದ್ದೆ, ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಕೊನೆಗೆ ಪಿಳ್ಳಪ್ಪನವರು ಬಾಯಿ ತೆರೆದರು.

"ಮೇಷ್ಟ್ರೇ, ನಮ್ಮಲ್ಲಿ ಇದು ತಪ್ಪಲ್ಲ. ಯಜಮಾನ್ರು ಒಪ್ಪವ್ರೆ. ನಾಳೆನೇ ಸೀರೆ ಉಡ್ಸಿ ಕರ್ಕೊಂಡ್ ಬತ್ತೀನಿ. ಮನೆ ಹೆಂಡ್ತಿ ಅಂದ್ಮೇಲೆ ಯಾರೇನು ಅಂದಾರು?"

ಅದೊಂದು ಕ್ಷಣ ಎಲ್ಲ ಸರಿಹೋಗಬಹುದಿತ್ತು. ಆದರೆ ಮಾವನವರು ತಲೆ ಅಲ್ಲಾಡಿಸಿದರು. ಪಿಳ್ಳಪ್ಪ, ನಿನ್ನ ಪದ್ಧತಿ ನಿನಗೆ ಗೊತ್ತು, ನನಗೆ ಗೊತ್ತು. ಲೇಔಟಿನವರಿಗೆ ಅದು ಮದುವೆಯಾಗಿ ಕಾಣುವುದಿಲ್ಲ, ಗಂಡ ಬದುಕಿರುವ ಹೆಂಗಸನ್ನು ಇಟ್ಟುಕೊಂಡ, ಸಿಕ್ಕಿಬಿದ್ದ ಮೇಲೆ ಸೀರೆ ಹೊದಿಸಿದ ಎನ್ನುತ್ತಾರೆ ಎಂದು ತಿಳಿಹೇಳಿದರು. ಹಾಗಾದರೆ ಏನು ಮಾಡುವುದು ಎಂದು ಇನ್ನೊಬ್ಬರು ಕೇಳಿದರು. ಮಾವನವರು ಅದಕ್ಕಾಗಿಯೇ ಕಾಯುತ್ತಿದ್ದವರಂತೆ ತಮ್ಮ ಉಪಾಯ ಹೊರತೆಗೆದರು. ಗೌರಿ ಹಬ್ಬದ ದಿನ ಪಿಳ್ಳಪ್ಪ ಆಕೆಗೆ ಬಾಗಿನ ಕೊಡಲಿ. ಅಣ್ಣನಾದವನು ತಂಗಿಗೆ ಕೊಡುವ ಬಾಗಿನ. ಬೀದಿಯೆಲ್ಲ ನೋಡಲಿ. ತಂಗಿಯ ಮನೆಗೆ ಅಣ್ಣ ಸಂಜೆ ಹೋದರೇನು, ಬೆಳಗ್ಗೆ ಬಂದರೇನು? ಬಸ್ಸಿನವನ ಬಾಯಿಗೆ ಬೀಗ!

ಭೇಷ್ ಎಂದರು ಕಮಿಟಿಯವರು. ಪಿಳ್ಳಪ್ಪನವರು ಹೆಗಲ ಟವೆಲ್ಲನ್ನು ಮಡಿಚಿದರು, ಬಿಚ್ಚಿದರು. ಆಮೇಲೆ, ಅದು ಸುಮ್ಮನೆ ಜನಕ್ಕೆ ತೋರಿಸಲು ತಾನೇ, ಆಮೇಲೆ ಸೀರೆಗೆ ಅಡ್ಡಿಯಿಲ್ಲ ತಾನೇ ಎಂದು ಚಿಕ್ಕ ಮಕ್ಕಳ ಹಾಗೆ ಕೇಳಿದರು. ಚುನಾವಣೆ ಮುಗಿದ ಮೇಲೆ ನಿನ್ನಿಷ್ಟ, ಯಾರೂ ನೆನಪಿಟ್ಟುಕೊಳ್ಳುವುದಿಲ್ಲ ಎಂದರು ಮಾವ. ಆಕೆಗೆ ಒಂದು ಮಾತು ಹೇಳಿಬಿಡುತ್ತೇನೆ ಎಂದದ್ದಕ್ಕೆ, ಬೇಡ, ಹೆಂಗಸರಿಗೆ ಮುಂಚೆ ಹೇಳಿದರೆ ಅಳು, ರಂಪ. ಈಗ ನೀನು ಆ ಬಾಗಿಲಿಗೆ ಕಾಲಿಡಲೇಕೂಡದು ಎಂದು ಅಪ್ಪಣೆಯಾಯಿತು. ನೀರಿಗಾಗಿ ನಂಬಿ ಬಂದ ಜನ, ಮೇಷ್ಟರ ಮಾತು, ಗೆಲುವಿನ ಆಸೆ, ಎಲ್ಲ ಸೇರಿ ಅವರ ತಲೆ ಬಗ್ಗಿತು.

ನಾನು ಲೋಟಗಳ ತಟ್ಟೆ ಹಿಡಿದು ಬಾಗಿಲಿಗೆ ಬಂದಾಗ ಮಾವ, ಇಲ್ಲಿ ಆಡಿದ್ದು ಇಲ್ಲೇ ಇರಲಿ ಎಂದು ಎಲ್ಲರಿಗೂ ಹೇಳಿ ನನ್ನ ಕಡೆಗೂ ಒಮ್ಮೆ ನೋಡಿದರು. ಅಂದಿನಿಂದ ಹಬ್ಬದವರೆಗೆ ಮಧ್ಯಾಹ್ನಗಳಲ್ಲಿ ಅತ್ತೆ ನನ್ನ ಕೈಗೆ ಒಂದಲ್ಲ ಒಂದು ಕೆಲಸ ಕೊಟ್ಟೇ ಕೊಟ್ಟರು. ಹಜಾರದಲ್ಲಿ ಮೊರಗಳಿಗೆ ಅರಿಶಿನ ಬಳಿದು ಒಣಗಿಸುವುದೂ ಅದರಲ್ಲಿ ಸೇರಿತ್ತು. ಆ ವಾಸನೆ ಮನೆ ತುಂಬ ಹರಡಿಕೊಂಡಿತ್ತು.

ಹಬ್ಬದ ಬೆಳಗ್ಗೆ ಮೋಡ ಸರಿದು ಎಳೆ ಬಿಸಿಲು ಬಿದ್ದಿತ್ತು. ಪಿಳ್ಳಪ್ಪನವರು ಬಿಳಿ ಪಂಚೆ, ರುಮಾಲು ಸುತ್ತಿಕೊಂಡು ನಮ್ಮ ಮನೆಯ ಮುಂದೆ ಬಂದು ನಿಂತರು. ಮಾವ ಬಾಗಿನ ನಾಲ್ಕು ಜನಕ್ಕೆ ಕಾಣಿಸಲಿ ಎಂದು ವಾಲಗದವರನ್ನೂ ಗೊತ್ತು ಮಾಡಿದ್ದರು. ಅದನ್ನು ನೋಡಿದ ಪಿಳ್ಳಪ್ಪನವರ ಮುಖ ಬಿಳಿಚಿಕೊಂಡಿತು. ವಾಲಗ ಬ್ಯಾಡ ಮೇಷ್ಟ್ರೇ ಎಂದರು. ಯಾಕೆಂದು ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ. ಅಷ್ಟರಲ್ಲಿ ನಾಗಸ್ವರದವನು ಉಸಿರು ತುಂಬಿಕೊಂಡು ಊದಿಯೇಬಿಟ್ಟ. ತಟ್ಟೆಯ ಮೇಲೆ ಕೆಂಪು ವಸ್ತ್ರ ಮುಚ್ಚಿದ ಬಾಗಿನ ಹಿಡಿದು ಅವರು ನಡೆದರು. ಹಿಂದೆ ಕಮಿಟಿ, ಹಿಂದೆ ನಾವು ಹೆಂಗಸರು. ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು.

ಬೀದಿಯ ತುದಿಯಲ್ಲಿ ಜಯಮ್ಮ ರಂಗೋಲಿ ಹಾಕುತ್ತಿದ್ದವಳು ತಲೆಯೆತ್ತಿದಳು. ವಾಲಗ ಕೇಳಿದಳು. ಕೆಂಪು ವಸ್ತ್ರ ಮುಚ್ಚಿದ ತಟ್ಟೆ ನೋಡಿದಳು. ರುಮಾಲು ಸುತ್ತಿದ ಪಿಳ್ಳಪ್ಪನವರನ್ನು ನೋಡಿದಳು. ಅವಳ ಮುಖ ಅರಳಿದ್ದನ್ನು ನಾನು ಹೇಗೆ ಬರೆಯಲಿ? ಕೈಯಲ್ಲಿದ್ದ ರಂಗೋಲಿ ಹಿಟ್ಟನ್ನು ಅಲ್ಲೇ ಬಿಟ್ಟು ಒಳಗೆ ಓಡಿದಳು. ನಾವು ಬಾಗಿಲು ಮುಟ್ಟುವ ಹೊತ್ತಿಗೆ ಮತ್ತೆ ಹೊರಗೆ ಬಂದಿದ್ದಳು. ತಲೆ ಬಾಚಿ, ದೇವರಿಗೆಂದು ತಂದಿದ್ದ ಸೇವಂತಿಗೆಯ ಮಾಲೆಯನ್ನು ಹರಿದು ಮುಡಿದಿದ್ದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ತಲೆ ತಗ್ಗಿಸಿ ನಿಂತಳು, ಮದುವಣಗಿತ್ತಿ ನಿಲ್ಲುವ ಹಾಗೆ.

ಮಾವ ಮುಂದೆ ಬಂದು ಗಟ್ಟಿ ಧ್ವನಿಯಲ್ಲಿ, ಬೀದಿಗೆಲ್ಲ ಕೇಳುವಂತೆ, ಪಿಳ್ಳಪ್ಪನವರು ತಮ್ಮ ತಂಗಿಗೆ ಗೌರಿ ಬಾಗಿನ ತಂದಿದ್ದಾರೆ ಎಂದು ಸಾರಿದರು. ವಸ್ತ್ರ ಸರಿಸಿದರು. ಒಂದರ ಮೇಲೊಂದು ಕವುಚಿದ ಮೊರಗಳು. ಒಳಗೆ ಅಕ್ಕಿ, ಬೇಳೆ, ಬೆಲ್ಲ, ಬಳೆ, ಬಾಚಣಿಗೆ, ಕನ್ನಡಿ, ತೆಂಗಿನಕಾಯಿ, ಮತ್ತು ಒಂದು ರವಿಕೆ ಕಣ. ಸೀರೆ ಇರಲಿಲ್ಲ.

ಜಯಮ್ಮ ಮೊರವನ್ನು ನೋಡಿದಳು. ಆಮೇಲೆ ಅವರನ್ನು ನೋಡಿದಳು. ಪಿಳ್ಳಪ್ಪನವರ ಕಣ್ಣು ನೆಲದ ಮೇಲಿತ್ತು. ವಾಲಗ ನಿಂತಿತು. ಈಗ ಇವಳು ಮೊರವನ್ನು ಎಸೆಯುತ್ತಾಳೆ, ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡೆ. ಅವಳು ಏನೂ ಮಾಡಲಿಲ್ಲ. ನಿಧಾನವಾಗಿ ಸೆರಗನ್ನು ಮುಂದಕ್ಕೆ ತಂದು, ಎರಡೂ ಕೈಯಲ್ಲಿ ಹಿಡಿದು, ಮೊರದ ಮೇಲೆ ಹೊದಿಸಿ, ಮನೆಮಗಳು ತೆಗೆದುಕೊಳ್ಳುವ ಕ್ರಮದಲ್ಲೇ ಬಾಗಿನ ತೆಗೆದುಕೊಂಡಳು. ಬಗ್ಗಿ ಅವರ ಕಾಲು ಮುಟ್ಟಿದಳು. ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಒಳಕ್ ಬಾ ಅಣ್ಣಯ್ಯ. ತವರಿಂದ ಬಂದೋರ್ನ ಬಾಗ್ಲಾಗೆ ನಿಲ್ಲಿಸ್ಬಾರ್ದು."

ಆ ಮನೆಯ ಹೊಸ್ತಿಲನ್ನು ಎಷ್ಟೋ ಸಂಜೆ ದಾಟಿದ್ದ ಮನುಷ್ಯನಿಗೆ ಅಂದು ಕಾಲು ಎತ್ತಲಾಗಲಿಲ್ಲ. ಇನ್ನೊಂದು ದಿನ ಬರುತ್ತೇನೆ ಎಂದು ಏನೋ ಗೊಣಗಿ ತಿರುಗಿ ನಡೆದರು. ಲೇಔಟಿನ ಹೆಂಗಸರು ಕಣ್ಣೊರೆಸಿಕೊಂಡರು, ಪಾಪ ಒಡಹುಟ್ಟಿದವರಂತಿದ್ದವರ ಮೇಲೆ ಏನೆಲ್ಲ ಹೊರಿಸಿದರು ಎಂದು. ಮಾವನವರ ಮುಖದಲ್ಲಿ ಪರೀಕ್ಷೆಯಲ್ಲಿ ಇಡೀ ತರಗತಿ ಪಾಸಾದ ಸಂತೋಷ. ಸಂಜೆಯೊಳಗೆ ಅರ್ಧ ಹೊಲಿದ ರವಿಕೆಗಳೆಲ್ಲ ಜಯಮ್ಮನ ಮನೆಗೆ ವಾಪಸ್ಸು ಬಂದವು. ಮಾರನೆಯ ದಿನ ಗಣೇಶನ ಹಬ್ಬಕ್ಕೆ ನಾವೆಲ್ಲ ಬಾವಿಯ ನೀರೇ ತಂದೆವು.

ಗಣೇಶನ ಹಬ್ಬದ ಮಧ್ಯಾಹ್ನ ಊಟ ಮುಗಿದು ಎಲೆ ಎತ್ತುತ್ತಿದ್ದಾಗ ಕೆಂಪಜ್ಜಿ ಬಂದಳು. ಜಗಲಿ ಹತ್ತಲಿಲ್ಲ. ಅತ್ತೆ ಕಡುಬು ಹಿಡಿದು ಬಂದರೆ ಕೈ ಅಡ್ಡ ಹಿಡಿದಳು. ಮಾವನವರನ್ನು ಕರೆಸಿ, ನಿಂತೇ ಮಾತಾಡಿದಳು. ಗಂಟಲು ಏರಿಸಲಿಲ್ಲ.

"ಮೇಷ್ಟ್ರೇ, ನೀವ್ ಓದ್ದೋರು. ಅವ್ಳನ್ನ ಇಟ್ಕಂಡವ್ನೆ ಅಂದ್ರೆ ನಾಕ್ ಜನ ನಗಾಡಿ ಸುಮ್ಕಾಗೋರು. ಕಟ್ಕಂಡಿದ್ರೆ ಊಟ ಹಾಕ್ಸಿ ಮುಗ್ದೋಗೋದು. ಕಟ್ಕಳ್ಳೋಳ್ನ ಕರ್ದು ತಂಗಿ ಅನ್ನಿಸ್ಬುಟ್ರಲ್ಲ, ಇದನ್ನ ನಾನ್ ಯಾವ್ ನೀರ್ನಾಗೆ ತೊಳೀಲಿ?"

ಮಾವನವರು ಸಮಾಧಾನ ಹೇಳಲು ಹೋದರು. ಅದು ಬರೀ ತೋರಿಕೆಗೆ ಎಂದರು. ಗೌರಮ್ಮನ ಮುಂದೆ ಕೊಟ್ಟಿದ್ದು ತೋರಿಕೆಯಾ ಎಂದು ಕೇಳಿ ಅಜ್ಜಿ ಕೋಲೂರಿಕೊಂಡು ಹೊರಟುಹೋದಳು. ವಿನಾಯಕನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು ಎಂಬ ಗಾದೆಯನ್ನು ಮಾವನವರು ಎಷ್ಟು ಹುಡುಗರಿಗೆ ಪಾಠ ಮಾಡಿದ್ದರೋ. ಅಂದು ಅವರು ಮಣ್ಣಿನ ಗಣಪತಿಯ ಮುಂದೆ ಕೂತು ಬಹಳ ಹೊತ್ತು ಏಳಲಿಲ್ಲ.

ಹಳ್ಳಿಯ ಹೆಂಗಸರು ಜಗಳವಾಡಲಿಲ್ಲ, ಗೋಡೆಯ ಮೇಲೆ ಬರೆಯಲಿಲ್ಲ. ಬಾವಿಯ ಹತ್ತಿರ ನಮ್ಮನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು, ಅಷ್ಟೆ. ಒಬ್ಬಳು ಮಾತ್ರ, ಸೊಪ್ಪು ಕೊಯ್ಯುತ್ತಿದ್ದವಳು, ನನಗೆ ಕೇಳಲೆಂದೇ ಪಕ್ಕದವಳಿಗೆ ಹೇಳಿದಳು. "ಒಂದ್ ಹೆಣ್ಗೆ ಕೊಟ್ಟ್ ಮಾತೇ ಉಳಿಸ್ಕಳ್ದೋನು ಊರ್ಗೆಲ್ಲ ನೀರ್ ಕೊಟ್ಟಾನಾ?"

ಆ ಕಾಲದಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಗುರುತಿನ ಚಿತ್ರ ಅಂಟಿಸಿರುತ್ತಿದ್ದರು. ಪರದೆಯ ಹಿಂದೆ ಹೋಗಿ ನಮಗೆ ಬೇಕಾದ ಪೆಟ್ಟಿಗೆಯೊಳಗೆ ಚೀಟಿ ಹಾಕಿ ಬರಬೇಕು. ಓಟಿನ ದಿನ ಸಣ್ಣಗೆ ಮಳೆ ಹನಿಯುತ್ತಿತ್ತು. ಹಳ್ಳಿಯ ಹೆಂಗಸರು ಗುಂಪಾಗಿ ಬಂದರು. ಸೆರಗು ಹೊದ್ದು ಒಬ್ಬೊಬ್ಬರೇ ಪರದೆಯ ಹಿಂದೆ ಹೋಗಿ ಬಂದರು. ಬಾಗಿಲಲ್ಲಿ ಕೈಮುಗಿದು ನಿಂತಿದ್ದ ಪಿಳ್ಳಪ್ಪನವರನ್ನು ಯಾರೂ ನೋಡಲಿಲ್ಲ. ಎಣಿಕೆಯ ದಿನ ನಮ್ಮ ಮನೆಯವರು ಹೋಗಿದ್ದರು. ಲೇಔಟಿನ ಬೂತಿನಿಂದ ಬಂದ ಬಿಂದಿಗೆಯ ಪೆಟ್ಟಿಗೆ ತುಂಬಿ ತುಳುಕುತ್ತಿತ್ತಂತೆ. ಕುರುಬರಹಳ್ಳಿಯ ಬೂತಿನದನ್ನು ಎತ್ತಿದ ಜವಾನ, ಇದು ಬಳಸದೆ ಉಳಿದ ಪೆಟ್ಟಿಗೆ ಇರಬೇಕು ಎಂದು ಪಕ್ಕಕ್ಕೆ ಇಟ್ಟನಂತೆ. ಹುಟ್ಟಿದ ಹಳ್ಳಿಯೇ ಕೈಬಿಟ್ಟ ಮೇಲೆ ಇನ್ನೇನು ಉಳಿಯಿತು? ಪಿಳ್ಳಪ್ಪನವರು ಸೋತರು.

ಅದಾಗಿ ಕೆಲವು ದಿನಗಳ ಮೇಲೆ ಒಂದು ಸಂಜೆ ನಾನು ಜಯಮ್ಮನ ಮನೆಯಲ್ಲಿ ಗುಂಡಿ ಹೊಲಿಯುತ್ತ ಕೂತಿದ್ದೆ. ಪಿಳ್ಳಪ್ಪನವರು ಬಂದರು. ಜೊತೆಗೆ ಕೆಂಪಜ್ಜಿ. ಮಗನ ಮೇಲಿನ ಸಿಟ್ಟು ನುಂಗಿಕೊಂಡು ಬಂದಿದ್ದಳು. ಸೈಕಲ್ಲು ಇರಲಿಲ್ಲ, ವಾಲಗ ಇರಲಿಲ್ಲ. ಕಂಕುಳಲ್ಲಿ ಕಾಗದ ಸುತ್ತಿದ ಒಂದು ಸೀರೆ ಇತ್ತು. ನಾನು ಎದ್ದು ಹೋಗಲು ನೋಡಿದರೆ ಜಯಮ್ಮ ನನ್ನ ಮಣಿಕಟ್ಟು ಹಿಡಿದು ಕೂರಿಸಿದಳು.

"ಕೂತ್ಕೋ ಅಣ್ಣಯ್ಯ" ಎಂದಳು.

"ಹಂಗನ್ಬ್ಯಾಡ ಜಯ. ತಪ್ಪಾಯ್ತು. ಸೀರೆ ತಂದೀನಿ."

"ಇಟ್ಕಂಡೋಳು ಅಂತ ಗ್ವಾಡೆ ಮೇಲೆ ಬರುದ್ರು, ನಾನ್ ಹೊತ್ಕಂಡೆ. ನೀನ್ ಬತ್ತೀಯ ಅಂತ ಹೊತ್ಕಂಡೆ. ಈಗ ಈ ಸೀರೆ ಉಟ್ರೆ ಅಣ್ಣನ್ನ ಕಟ್ಕಂಡೋಳು ಅಂತಾರೆ. ಅದ್ನ ಹೊರಾಕೆ ನನ್ ಕೈಲಿ ಆಗಾಕಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಕೆಂಪಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ಅವಳಿಗೂ ಗೊತ್ತಿತ್ತು, ಕುಲದ ಯಜಮಾನರು ಕಳೆಯಬಹುದಾದ ಸಂಬಂಧ ಇದಲ್ಲ ಎಂದು. ಪಿಳ್ಳಪ್ಪನವರು ಸೀರೆಯ ಗಂಟನ್ನು ಮೆಷಿನ್ನಿನ ಮೇಲೆ ಇಡಲು ಹೋಗಿ ಮತ್ತೆ ಕಂಕುಳಿಗೆ ಸೇರಿಸಿಕೊಂಡರು. ಅವರು ಹೋದ ಮೇಲೆ ಜಯಮ್ಮ ಮೆಷಿನ್ ತುಳಿಯಲು ಶುರು ಮಾಡಿದಳು. ದಾರ ಕಿತ್ತುಹೋದದ್ದು ಕಾಣದೆ ಬಹಳ ದೂರ ಹೊಲಿದಳು.

ಸೋಲುವುದೇ ಹಣೆಯಲ್ಲಿ ಬರೆದಿದ್ದರೆ ಸೀರೆ ಉಡಿಸಿ ಸೋಲಬಹುದಿತ್ತು. ಇಷ್ಟು ವರ್ಷವಾದರೂ ನನ್ನ ಹೊಟ್ಟೆ ಉರಿಯುವುದು ಅದಕ್ಕೇ. ಲೇಔಟಿನ ಒಂದಿಷ್ಟು ಬಾಗಿಲು ಮುಚ್ಚುತ್ತಿದ್ದವು, ಬಸ್ಸಿನವನು ಇನ್ನೊಂದು ಹಾಡು ಕಟ್ಟುತ್ತಿದ್ದ. ಆದರೆ ಹಳ್ಳಿ ಕೈಬಿಡುತ್ತಿರಲಿಲ್ಲ. ಯಾರಿಗೆ ಗೊತ್ತು, ಗೆದ್ದೇ ಬಿಡುತ್ತಿದ್ದರೋ ಏನೋ. ನಲ್ಲಿಗಳಲ್ಲಿ ನೀರು ಹೇಗೂ ಬಂತು. ಬಸ್ಸಿನ ಮಾಲೀಕನೇ ಬಂದು ಮೊದಲ ನಲ್ಲಿ ತಿರುಗಿಸಿ ಹಾರ ಹಾಕಿಸಿಕೊಂಡ. ಬಾವಿಗೆ ಹೋಗುವ ದಾರಿಯಲ್ಲಿ ಹುಲ್ಲು ಬೆಳೆಯಿತು. ಮಾವನವರು ಆ ನಲ್ಲಿಯ ನೀರನ್ನು ಕುಡಿಯುವಾಗಲೆಲ್ಲ ಒಂದು ಕ್ಷಣ ಲೋಟ ನೋಡುತ್ತಿದ್ದರು. ಹಬ್ಬಕ್ಕೆ ಹಜಾರದಲ್ಲಿ ಮೊರ ಹರಡಿದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಆ ವಿಷಯವನ್ನು ಅವರು ಸಾಯುವವರೆಗೂ ಬಾಯಿಬಿಟ್ಟು ಆಡಲಿಲ್ಲ.

ಪಿಳ್ಳಪ್ಪನವರು ಬೇರೆ ಮದುವೆಯಾಗಲಿಲ್ಲ, ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಪ್ರತಿ ವರ್ಷ ಗೌರಿ ಹಬ್ಬದ ಬೆಳಗ್ಗೆ ಬಿಳಿ ಪಂಚೆ ಉಟ್ಟು ಬಾಗಿನ ತಂದು ಜಯಮ್ಮನಿಗೆ ಕೊಡುತ್ತಿದ್ದರು. ಒಮ್ಮೆ ಕೊಟ್ಟ ಮೇಲೆ ತಪ್ಪಿಸುವಂತಿಲ್ಲವಲ್ಲ. ಅವಳು ಸೆರಗು ಹೊದಿಸಿ ತೆಗೆದುಕೊಳ್ಳುತ್ತಿದ್ದಳು, ಕಾಲು ಮುಟ್ಟುತ್ತಿದ್ದಳು, ಒಳಗೆ ಕರೆದು ಊಟಕ್ಕೆ ಬಡಿಸುತ್ತಿದ್ದಳು. ವರ್ಷದಲ್ಲಿ ಆ ಒಂದು ಊಟ. ಇಬ್ಬರೂ ಏನು ಮಾತಾಡುತ್ತಿದ್ದರೋ ನನಗೆ ತಿಳಿಯದು. ಲೇಔಟಿನ ಹೊಸ ಸೊಸೆಯರಿಗೆ ಅವರನ್ನು ತೋರಿಸಿ, ಅಣ್ಣತಂಗಿ ಅಂದರೆ ಹೀಗಿರಬೇಕು ನೋಡು ಎನ್ನುವವರಿದ್ದರು.

ನನ್ನ ಮಗ ಶಾಲೆಗೆ ಹೋಗುವ ವಯಸ್ಸಿನಲ್ಲಿ ಪಿಳ್ಳಪ್ಪನವರು ಜ್ವರ ಬಂದು ತೀರಿಕೊಂಡರು. ಜಯಮ್ಮ ಹಳ್ಳಿಗೆ ಹೋಗಿ ಬಂದಳು ಎಂದು ಕೇಳಿದೆ. ಸ್ವಲ್ಪ ದಿನ ಬಿಟ್ಟು ನೋಡಲು ಹೋದರೆ ಅವಳ ಹಣೆ ಬೋಳಾಗಿತ್ತು. ಕೈಯಲ್ಲಿ ಬಳೆ ಇರಲಿಲ್ಲ. ನನ್ನ ಗಾಬರಿ ನೋಡಿ ಅವಳೇ, ಸೇಲಂ ಕಡೆಯಿಂದ ಯಾರೋ ಬಂದಿದ್ದರು, ನಮ್ಮ ಮನೆಯವರು ಹೋಗಿಬಿಟ್ಟರಂತೆ ಎಂದಳು. ನೆರೆಯವರೂ ಹಾಗೇ ಹೇಳಿದರು. ಯಾರು ಬಂದಿದ್ದರು, ಯಾವಾಗ ಬಂದಿದ್ದರು ಎಂದರೆ ಯಾರೂ ನೋಡಿರಲಿಲ್ಲ. ನಾನು ಆ ಸುದ್ದಿಯನ್ನು ನಂಬಲಿಲ್ಲ.

ಆ ಭಾದ್ರಪದದಲ್ಲಿ ಗೌರಿ ಹಬ್ಬ ಬಂದಾಗ ನನಗೆ ಮನಸ್ಸು ತಡೆಯಲಿಲ್ಲ. ಈ ವರ್ಷ ಅವಳ ಬಾಗಿಲಿಗೆ ಯಾರೂ ಬರುವುದಿಲ್ಲವಲ್ಲ ಎನಿಸಿ, ಅತ್ತೆಗೆ ಹೇಳದೆ ಒಂದು ಜೊತೆ ಮೊರ ತುಂಬಿಕೊಂಡು ನಾನೇ ಹೋದೆ. ಅವಳು ಬಾಗಿಲಲ್ಲಿ ನಿಂತು ಮೊರದ ಅರಿಶಿನವನ್ನು ಒಂದು ಬೆರಳಿನಿಂದ ಮುಟ್ಟಿ ನೋಡಿದಳು.

"ಗಂಡ ಸತ್ತೋಳ್ಗೆ ಬಾಗಿನ ಕೊಡ್ತಾರೇನಮ್ಮ" ಎಂದಳು. "ಊರ್ಗೆಲ್ಲ ಗೊತ್ತಿಲ್ದಿದ್ರೂ ನಿಂಗ್ ಗೊತ್ತೈತಲ್ಲ."

ನಾನು ಮೊರ ಮುಚ್ಚಿಕೊಂಡು ಬಂದ ದಾರಿಯಲ್ಲೇ ಮನೆಗೆ ಹೋದೆ.